ರೊಟ್ಟಿ ಖೋಲಿ ಮತ್ತು ನಾಲಾದ ನೀರು

ಉಣಕಲ್ಲಿನ ಕೆರೆಯಿಂದ ಹರಿದುಬರುವ ನಾಲಾ ದಂಡೆಯ ಓಣಿಯಲ್ಲಿ ಕಸ್ತೂರೆವ್ವನ ಮನೆಯನ್ನು ಯಾರೂ ಕೈ ಮಾಡಿ ತೋರಿಸಬೇಕಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳವೇ ಬಾಗಿಲಿಗೆ ಕರೆದೊಯ್ಯುತ್ತಿತ್ತು. ವಿದ್ಯಾನಗರದ ಎರಡು ಖಾನಾವಳಿಗಳಿಗೆ ದಿನಾ ಇನ್ನೂರು ಜೋಳದ ರೊಟ್ಟಿ ಅವಳ ಕೈಯಿಂದಲೇ ಹೋಗಬೇಕು. ಗಂಡ ಉಳವಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಹಮಾಲ. ಸೂಟಿಯ ದಿನಗಳಲ್ಲಿ ತಾನೇ ಇಟ್ಟಿಗೆ ಹೊತ್ತು, ಮನೆಯ ಹಿಂದೆ ನಾಲಾದ ಅಂಚಿಗೇ ಹೆಂಡತಿಗೊಂದು ರೊಟ್ಟಿ ಖೋಲಿ ಕಟ್ಟಿಕೊಟ್ಟಿದ್ದ. ಎರಡು ಒಲೆ, ಹಿಟ್ಟಿನ ಚೀಲ, ಹೊಗೆ ಹೋಗಲೊಂದು ಕಿಂಡಿ, ಅಷ್ಟೇ. ಆ ಖೋಲಿ ಬಂದ ಮೇಲೆಯೇ ಸಂಸಾರ ಒಂದು ಹದಕ್ಕೆ ಬಂದದ್ದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪಾಲಿಕೆಗೆ ಚುನಾವಣೆ ಬಂತು. ಚುನಾವಣೆಗೆ ನಿಂತ ಗುತ್ತಿಗೆದಾರ ಶಿದ್ದಪ್ಪ ಜೀಪಿನಲ್ಲಿ ಬಂದು, ನಾಲಾದ ಮೇಲೆ ಕಾಂಕ್ರೀಟು ಹಾಸಿ ಮುಚ್ಚಿಸುತ್ತೇನೆ, ನಾತವೂ ಹೋಯಿತು, ಸೊಳ್ಳೆಯೂ ಹೋಯಿತು, ಮೇಲೆ ಚೊಕ್ಕ ರಸ್ತೆ ಎಂದ. ಮಳೆ ಜೋರಾದರೆ ಎಂದು ಯಾರೋ ಕೇಳಿದ್ದಕ್ಕೆ, ಮಳೆ ದೇವರ ಖಾತೆ, ನನ್ನದಲ್ಲ ಎಂದು ನಗಿಸಿ ಹೋದ.

ಮರುದಿನ ಶರಣವ್ವ ಅಕ್ಕೋರು ನಡೆದುಕೊಂಡೇ ಬಂದರು. ಓಣಿಯ ಅರ್ಧ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು, ಯಾವ ಪಕ್ಷದ ಹಂಗೂ ಇಲ್ಲದೆ ನಿಂತಿದ್ದರು. ಅವರ ಮಾತು ಯಾರಿಗೂ ಹಿಡಿಸುವಂಥದ್ದಾಗಿರಲಿಲ್ಲ. ಮಳೆ ಮೊದಲಿನಂತೆ ಉಳಿದಿಲ್ಲ, ತಿಂಗಳಿಡೀ ಬೀಳುವುದು ಒಂದೇ ತಾಸಿನಲ್ಲಿ ಬೀಳತೊಡಗಿದೆ, ಕೆರೆ ತುಂಬಿದರೆ ನೀರಿಗೆ ಇದೊಂದೇ ದಾರಿ. ಅದಕ್ಕೇ ನಾಲಾ ಮುಚ್ಚಬಾರದು, ಅಗಲ ಮಾಡಬೇಕು, ದಂಡೆಯ ಮನೆಗಳು ಆರಾರು ಅಡಿ ಹಿಂದೆ ಸರಿಯಬೇಕು ಎಂದರು.

ಆರು ಅಡಿ ಎಂದರೆ ರೊಟ್ಟಿ ಖೋಲಿಯೇ. ಅದನ್ನು ಬಿಟ್ಟುಕೊಡಲು ಕಸ್ತೂರೆವ್ವನಿಗೆ ಮನಸ್ಸಿರಲಿಲ್ಲ. ಹಾಗೆಂದು ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಕಡೆ ಇಲ್ಲ. ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಇಟ್ಟು ಉಡಿ ತುಂಬಿದಳು. ಉಡಿ ತುಂಬಿಸಿಕೊಂಡವಳು ಆ ಮನೆಯ ಮಗಳು. ನಿನಗಿಂತ ಹತ್ತು ವರ್ಷ ದೊಡ್ಡ ಮಗಳು ಸಿಕ್ಕಳಲ್ಲ ಎಂದು ಉಳವಪ್ಪ ಹೆಂಡತಿಯನ್ನು ಕಾಡಿಸಿದ. ಮನೆಮನೆಯಲ್ಲೂ ಹೀಗೇ ಆಗಿ, ಉಡಿಯಲ್ಲಿ ಹಿಡಿಯದಷ್ಟು ಅಕ್ಕಿ ಕಂಡ ಅಕ್ಕೋರು ತಾವು ಗೆದ್ದೇಬಿಟ್ಟೆವೆಂದು ತಿಳಿದರು. ಪಾಪ, ಉಡಿ ಬೇರೆ, ಓಟು ಬೇರೆ. ಕಸ್ತೂರೆವ್ವ ಶಿದ್ದಪ್ಪನ ಗುರುತಿಗೇ ಒತ್ತಿ ಬಂದಳು. ಅಕ್ಕೋರ ಠೇವಣಿಯೂ ಹೋಯಿತು.

ಗೆದ್ದ ಶಿದ್ದಪ್ಪ ಆಡಿದ ಮಾತು ಉಳಿಸಿಕೊಂಡು ಓಣಿಯ ಕೆಳತುದಿಯಿಂದ ನಾಲಾ ಮುಚ್ಚಿಸತೊಡಗಿದ, ಅದೇ ತೊಂದರೆಯಾದದ್ದು. ಅಕ್ಕೋರೂ ಸುಮ್ಮನೆ ಕೂಡಲಿಲ್ಲ. ಇನ್ನೂ ತೆರೆದಿದ್ದ ಕಡೆ ನಾಲಾದೊಳಗಿನ ಕಲ್ಲಿಗೆ ಕೆಂಪು ಗೆರೆ ಎಳೆಸಿ, ನೀರು ಅದನ್ನು ಮುಟ್ಟಿದರೆ ಎಲ್ಲರೂ ಮೇಲಿನ ಸಮುದಾಯ ಭವನಕ್ಕೆ ಬರಬೇಕು, ಬೀಗದ ಕೈ ನನ್ನಲ್ಲಿದೆ ಎಂದು ಸಾರಿ ಬಂದರು. ಸೋತ ಮೇಲೂ ಚಾಳಿ ಬಿಡಲಿಲ್ಲ ಎಂದು ಓಣಿ ನಕ್ಕಿತು.

ಮುಂದಿನ ವರ್ಷ ದಸರೆಯ ಹೊತ್ತಿನ ಚಿತ್ತಿ ಮಳೆ ಮಧ್ಯಾಹ್ನ ಹಿಡಿಯಿತು, ಹನಿಯಲ್ಲ, ಕೊಡಗಟ್ಟಲೆ. ಕಸ್ತೂರೆವ್ವನ ಮಗಳು ಕಾವೇರಿ ಹನ್ನೆರಡು ದಿನದ ಬಾಣಂತಿ. ಬೆಚ್ಚಗಿರಲೆಂದು ಅವಳನ್ನೂ ಕೂಸನ್ನೂ ರೊಟ್ಟಿ ಖೋಲಿಯಲ್ಲೇ ಮಲಗಿಸಿದ್ದರು. ಕಾಂಕ್ರೀಟಿನ ಅಡಿ ಕಸಕಡ್ಡಿ ಸಿಕ್ಕಿಕೊಂಡು ನೀರು ಹಿಂದಕ್ಕೆ ಏರತೊಡಗಿತ್ತು. ಕಸ್ತೂರೆವ್ವ ಹಿಟ್ಟಿನ ಚೀಲ ಎಳೆಯುತ್ತಿದ್ದಾಗ ತೊಯ್ದು ತೊಪ್ಪೆಯಾದ ಅಕ್ಕೋರು ಬಾಗಿಲಲ್ಲಿ ನಿಂತಿದ್ದರು.

“ಗೆರಿ ಮುಳಗೇತಿ, ಕಸ್ತೂರೆವ್ವಾ. ಹಿಟ್ಟ ಬಿಡು. ಕೂಸಿನ್ನ ನನ್ನ ಕೈಯಾಗ ಕೊಡು, ನೀ ಬಾಣಂತಿನ್ನ ಹಿಡಕೊ.”

ಅವರು ಭವನದ ಮೆಟ್ಟಿಲು ಹತ್ತುವಷ್ಟರಲ್ಲಿ ರೊಟ್ಟಿ ಖೋಲಿಯ ಹಿಂದಿನ ಗೋಡೆ ಕುಸಿದ ಸಪ್ಪಳ ಕೇಳಿಸಿತು. ಕಾವೇರಿ ಮಲಗಿದ್ದ ಹೊರಸು ನಾಲಾ ಪಾಲಾಯಿತು.

ಕೂಸು ಅಕ್ಕೋರ ಸೆರಗಿನಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಸುಳ್ಳು ಇಟ್ಟುಕೊಂಡು ಈ ಋಣ ಹೊರುವುದು ಕಸ್ತೂರೆವ್ವನಿಂದಾಗಲಿಲ್ಲ.

“ಅಕ್ಕೋರ, ಉಡಿ ತುಂಬಿದೆ ಖರೇ, ನಾ ನಿಮಗ ಓಟ ಹಾಕಿಲ್ಲರಿ.”

“ಒಲಿ ಇರೋ ಖೋಲಿ ಬಿಡ್ರಿ ಅಂದವರಿಗೆ ಯಾರ ಹಾಕ್ತಾರವ್ವಾ? ನಿನ್ನ ಜಾಗಾದಾಗ ನಾ ಇದ್ದಿದ್ರ ನಾನೂ ಹಾಕತಿದ್ದಿಲ್ಲ,” ಎಂದರು ಅಕ್ಕೋರು, ಕೂಸಿನ ತಲೆ ಒರೆಸುತ್ತ. ಕಸ್ತೂರೆವ್ವ ಬಾಗಿ ಅವರ ಕಾಲು ಮುಟ್ಟಿದಳು.

ಮಳೆ ನಿಂತು ಹೊಳವಾದ ವಾರದ ಮೇಲೆ ಉಳವಪ್ಪ ಗೌಂಡಿಯನ್ನು ಕರೆತಂದು, ಹಳೆಯ ಬುನಾದಿಯ ಮೇಲೇ ಗೋಡೆ ಎಬ್ಬಿಸಲು ದಾರ ಕಟ್ಟಿಸಿದ. ಒಲೆ ಹೊತ್ತದೆ ಎಂಟು ದಿನವಾಗಿತ್ತು, ಖಾನಾವಳಿಯವರು ಬೇರೆಯವರನ್ನು ಹುಡುಕುತ್ತಿದ್ದರು. ಕಸ್ತೂರೆವ್ವ ಹೋಗಿ ದಾರ ಬಿಚ್ಚಿ, ಆರು ಅಡಿ ಒಳಗೆ ತಂದು ಗೂಟ ಬಡಿದಳು. ಇನ್ನು ಪಡಸಾಲೆಯಲ್ಲೇ ಒಂದು ಒಲೆ, ನೂರೇ ರೊಟ್ಟಿ. ತಲೆ ಕೆಟ್ಟಿತೇ ಎಂದು ಉಳವಪ್ಪ ಗದರಿದ. ಓಣಿಯ ಒಂದು ಮನೆಯೂ ಸರಿಯುತ್ತಿಲ್ಲ, ನಾವೊಬ್ಬರೇ ಬಿಟ್ಟರೆ ನಾಲಾ ಅಗಲವಾಗುತ್ತದೆಯೇ ಎಂದು ಕೇಳಿದ.

“ಯಾರರ ಮೊದಲ ಸರೀಬೇಕಲ್ಲರಿ,” ಎಂದಳು ಕಸ್ತೂರೆವ್ವ. “ಅವತ್ತ ಅಕ್ಕೋರಿಗೆ ಹಾಕಲಿಲ್ಲ. ಇದನ್ನ ನನ್ನ ಓಟ ಅಂತ ತಿಳಕೊಳ್ರಿ.”

ಉಳವಪ್ಪ ದಾರದ ಇನ್ನೊಂದು ತುದಿಯನ್ನು ತಾನೇ ಎಳೆದು ಹಿಡಿದ.