ಒಂದೇ ಅಳತೆಯ ಎರಡು ಹಡಗು

ಹೆಮ್ಮಾಡಿಯಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದೆವು. ಬೈಂದೂರು ಬಿಟ್ಟಾಗಿನಿಂದ ಮೈಸೂರಿನ ಗೆಳೆಯ ಸುಧಾಕರನ ಬಾಯಲ್ಲಿ ಎರಡು ಪ್ರವಾಸಿ ಹಡಗುಗಳದ್ದೇ ಮಾತು. ಕಂಪನಿ ಬೇರೆ ಬೇರೆ, ಗಾತ್ರ ಮಾತ್ರ ಒಂದೇ. ಮೊದಲನೆಯದರಲ್ಲಿ ಈಜುಕೊಳ ದೊಡ್ಡದು, ಎರಡನೆಯದರಲ್ಲಿ ಊಟದ ಬಗೆ ಹೆಚ್ಚು. ಹೆಂಡತಿಯೊಡನೆ ಯಾವುದರಲ್ಲಿ ಹೋಗುವುದೆಂದು ಅವನಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಚಹಾ ತಂದ ಹೋಟೆಲಿನ ಒಡತಿ ಅವನ ಮೊಬೈಲಿನಲ್ಲಿದ್ದ ಎರಡೂ ಹಡಗುಗಳ ಚಿತ್ರ ನೋಡಿ ನಿಂತರು.

"ನಮ್ಮನಿಯವ್ರ್ ಈ ಎರಡ್ ಹಡ್ಗದಂಗೂ ಅಡಿಗಿ ಕೆಲ್ಸ ಮಾಡಿದ್ರ್."

ಸುಧಾಕರ ಹಿಗ್ಗಿದ. "ಹೌದಾ? ಯಾವುದು ಒಳ್ಳೆಯದು ಅಕ್ಕಾ?"

"ಮಾವ ತೀರ್ಕಂಡಾಗ ಮೊದಲ್ನೇ ಹಡ್ಗದವ್ರ್ ಇವ್ರನ್ನ್ ಮುಂದಿನ ಬಂದರಿನಂಗೇ ಇಳ್ಸಿ ವಿಮಾನ ಹತ್ಸಿದ್ರ್. ಅತ್ತಿ ತೀರ್ಕಂಡಾಗ ಎರಡ್ನೇದವ್ರ್ ಊರಿಗ್ ಬಪ್ಪುಕೇ ಬಿಡ್ಲಿಲ್ಲ. ಇವ್ರ್ ಒಬ್ರೇ ಮಗ. ಕಡಿಗೆ ಬೆಂಕಿ ಕೊಟ್ಟದ್ ಪಕ್ಕದ್ಮನಿಯವ್ರ್."

"ಛೆ, ಪಾಪ," ಎಂದ ಸುಧಾಕರ. ಆಮೇಲೆ ಕೇಳಿದ: "ಊಟ ಯಾವುದರಲ್ಲಿ ಚೆನ್ನಾಗಿರುತ್ತೆ?"

ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವರ ಗಂಡ ಬನ್ಸ್ ತಟ್ಟೆ ಹಿಡಿದು ಬಂದರು. ನಮ್ಮ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಒಂದು ಕೈ ಬೆನ್ನ ಹಿಂದಿಟ್ಟು, ತುಸು ಬಾಗಿ, ಚೆಂದಕ್ಕೆ ನಕ್ಕರು. ಹಡಗಿನಲ್ಲಿ ಕಲಿಸಿದ ನಗುವಿರಬೇಕು.

"ಎರಡನೇದೇ ಸರ್. ನಿಮಗೆ ತುಂಬ ಖುಷಿಯಾಗುತ್ತೆ."

ಸುಧಾಕರ ಕೂತಲ್ಲೇ ಅದನ್ನು ಬುಕ್ ಮಾಡಿದ. ಗಂಡ ಇನ್ನೂ ನಗುತ್ತಲೇ ನಿಂತಿದ್ದರು. ಒಡತಿ ಅವರ ಕೈಯಿಂದ ತಟ್ಟೆ ಕಿತ್ತುಕೊಂಡು ನಮ್ಮ ಮುಂದೆ ಕುಕ್ಕಿದರು.

"ಹ್ವಾಯ್, ಆ ನೆಗಿ ಇಲ್ಲಿ ಬ್ಯಾಡ. ಇದ್ ಹಡ್ಗ ಅಲ್ಲ."