ಮಣಿ ಮಾಸ್ಟರ ಕೊನೆಯ ಚೆಂಡು

ಮೊಬೈಲಿನಲ್ಲಿ ಮೋಡ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಫೆಬ್ರವರಿ ಮುಗಿಯುತ್ತಿದ್ದಂತೆ ನಮ್ಮ ಸಕಲೇಶಪುರ ಕಡೆಯ ಗಂಡಸರೆಲ್ಲ ಕತ್ತೆತ್ತಿಕೊಂಡೇ ಓಡಾಡುತ್ತಿದ್ದರು. ಕಾಫಿ ಗಿಡದ ಮೊಗ್ಗು ಅರಳಬೇಕಾದರೆ ಒಂದು ಹದವಾದ ಮಳೆ ಬೀಳಬೇಕು. ಅದೇ ಹೂಮಳೆ. ಬಿದ್ದರೆ ವರ್ಷ ನೆಟ್ಟಗಾಯಿತು, ಬೀಳದಿದ್ದರೆ ಮನೆಯಲ್ಲಿ ಯಾರ ಜೊತೆ ಮಾತಾಡುವುದೂ ಕಷ್ಟ. ಅದೂ ಎಂಥ ಮಳೆ ಅಂತೀರಿ, ಗುಡ್ಡದ ಈ ಮಗ್ಗುಲು ನೆನೆದರೆ ಆ ಮಗ್ಗುಲು ಒಣ ಒಣ. ಹೆತ್ತೂರಿನಲ್ಲಿ ಬಂದದ್ದು ದೋಣಿಗಲ್ಲಿಗೆ ಬರಬೇಕೆಂದೇನೂ ಇಲ್ಲ. ಹಾಗಾಗಿ ಮಳೆ ನಿಂತ ತಕ್ಷಣ ಮನೆಮನೆಯ ಫೋನು ಬಡಿದುಕೊಳ್ಳುತ್ತಿತ್ತು. "ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಿತ್ತು?" ಇಂಚಿನ ನೂರನೇ ಒಂದು ಪಾಲಿಗೆ ಒಂದು ಸೆಂಟು. ಹೆಂಡತಿ ಮಕ್ಕಳ ಕ್ಷೇಮ ಆಮೇಲೆ.

ಈ ಮಳೆಯ ಹೆಸರು ಹೇಳಿದರೆ ನಮ್ಮೂರಿನವರ ಮುಖ ಈಗಲೂ ಅರಳುತ್ತದೆ. ನನಗೆ ಮಾತ್ರ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಅದಕ್ಕೆ ಕಾರಣ ಮಣಿ ಮಾಸ್ಟರು.

ನನಗಾಗ ಹತ್ತು ಹನ್ನೊಂದು ವರ್ಷ. ದೋಣಿಗಲ್ ಹತ್ತಿರ ನಮ್ಮದು ಸಣ್ಣ ತೋಟ. ದೊಡ್ಡ ಎಸ್ಟೇಟಿನವರೇ ತುಂಬಿದ್ದ ಪ್ಲಾಂಟರುಗಳ ಕ್ಲಬ್ಬಿಗೆ ಅಪ್ಪ ಆ ವರ್ಷ ಹೊಸದಾಗಿ ಸೇರಿದ್ದರು. ಗುಡ್ಡದ ಇಳಿಜಾರಿನಲ್ಲಿ ಕ್ಲಬ್ಬಿನದೊಂದು ಗಾಲ್ಫ್ ಮೈದಾನ ಇತ್ತು. ಅರ್ಧ ಹೊತ್ತು ದನಗಳು ಮೇಯುತ್ತಿದ್ದವು, ಅರ್ಧ ಹೊತ್ತು ಯಜಮಾನರುಗಳು ಆಡುತ್ತಿದ್ದರು. ಆಟ ಕಲಿಸಲು ಒಬ್ಬ ಮಾಸ್ಟರು ಬೇಕೆಂದು ಕ್ಲಬ್ಬಿನವರು ಹುಡುಕಿದಾಗ ಬಂದವರು ಮಣಿ ಮಾಸ್ಟರು. ಕೋಲಾರದ ಗಣಿ ಕಡೆಯವರು. ಒಂದು ಕಾಲದಲ್ಲಿ ಕಲ್ಕತ್ತಾ, ಕೊಲಂಬೊ ಎಂದು ಊರೂರು ತಿರುಗಿ ಗಾಲ್ಫನ್ನೇ ಕಸುಬು ಮಾಡಿಕೊಂಡಿದ್ದವರು. ಈಗ ವಯಸ್ಸಾಗಿತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ. ಕ್ಲಬ್ಬಿನ ರೂಮಿಗೆ ಹೆಂಚು ಬದಲಾಯಿಸುತ್ತಿದ್ದರು, ಅದಾಗುವವರೆಗೆ ಇವರನ್ನು ಎಲ್ಲಿರಿಸುವುದು ಎಂಬ ಮಾತು ಬಂತು. "ನಮ್ಮನೇಲಿ ಇರ್ಲಿ ಬುಡಿ" ಎಂದು ಅಪ್ಪ ಕರೆದುಕೊಂಡೇ ಬಂದುಬಿಟ್ಟರು.

ಅವ್ವ ಮೊದಲ ದಿನ ಅವರ ಉದ್ದನೆಯ ಚೀಲ ನೋಡಿ ಒಳಗೆ ಬಂದು ಪಿಸುಗುಟ್ಟಿದರು.

"ಚೆಂಡು ಹೊಡೆಯೋದ್ನ ಕಲಿಸೋಕೆ ಅಷ್ಟು ದೂರದಿಂದ ಬಂದವ್ರಾ? ಇಲ್ಲಿ ದನ ಹೊಡ್ಕೊಂಡು ಬರೋರಿಗೇ ಗತಿ ಇಲ್ಲ."

"ಸುಮ್ನಿರೇ ಮಾರಾಯ್ತಿ, ಒಂದ್ಸಲ ನೋಡು, ಆಮೇಲೆ ಮಾತಾಡು" ಎಂದರು ಅಪ್ಪ.

ಅವ್ವ ನೋಡಿದರು. ಮಾರನೆಯ ಬೆಳಿಗ್ಗೆ ಕಣದ ಕೆಳಗಿನ ಬಯಲಲ್ಲಿ. ನಾನೂ ನೋಡಿದೆ. ಕಣದಲ್ಲಿ ಹರಡಿದ್ದ ರೋಬಸ್ಟಾ ಕಾಫಿಹಣ್ಣಿನ ಹುಳಿಮಿಶ್ರಿತ ಸಿಹಿ ವಾಸನೆ, ಅವ್ವನ ಕೈಯಲ್ಲಿ ಕಡುಬಿನ ತಟ್ಟೆ. ಮಾಸ್ಟರು ಚೆಂಡಿನ ಮುಂದೆ ನಿಂತರು. ಕೋಲು ನಿಧಾನವಾಗಿ ಹಿಂದಕ್ಕೆ ಹೋಯಿತು. ಎಷ್ಟು ನಿಧಾನವೆಂದರೆ, ಈ ಮನುಷ್ಯ ಹೊಡೆಯುವ ವಿಚಾರ ಬಿಟ್ಟುಬಿಟ್ಟರೇನೋ ಎನ್ನಿಸಬೇಕು. ಹೆಗಲ ಮೇಲೆ ಹೋಗಿ ಒಂದು ಗಳಿಗೆ ನಿಂತಿತು, ಮನೆ ಬಾಗಿಲು ಹಾಕಿದೆನೋ ಇಲ್ಲವೋ ಎಂದು ನೆನಪು ಮಾಡಿಕೊಂಡ ಹಾಗೆ. ಆಮೇಲೆ ಇಳಿದದ್ದು ಕಣ್ಣಿಗೆ ಕಾಣಲಿಲ್ಲ. ಒಲೆಯಲ್ಲಿ ಬಿದಿರಿನ ಗೆಣ್ಣು ಸಿಡಿಯುತ್ತದಲ್ಲ, ಅಂಥದೊಂದು ಸದ್ದು. ಚೆಂಡು ಹೋಗಿತ್ತು, ಚೆಂಡಿದ್ದ ಜಾಗದ ಮುಂದೆ ಹುಲ್ಲಿನ ಒಂದು ತೆಳು ಹೋಳು ಎದ್ದಿತ್ತು. ಮಾಸ್ಟರು ಎದೆಯನ್ನು ಪೂರಾ ಮುಂದಕ್ಕೆ ತಿರುಗಿಸಿ, ಒಂದು ಹಿಮ್ಮಡಿ ಎತ್ತಿ, ಹಾಗೇ ನಿಂತಿದ್ದರು. ತೊಂಬತ್ತು ಕೇಜಿ ಚೀಲ ಎತ್ತುವವರ ಕಷ್ಟವೆಲ್ಲ ಕಂಡಿದ್ದ ನಮಗೆ, ಇಷ್ಟು ಬಲ ಇಷ್ಟು ಸಲೀಸಾಗಿ ಹೊರಡುವುದು ಹೊಸದು.

"ಮೊದಲು ಚೆಂಡು, ಆಮೇಲೆ ನೆಲ" ಎಂದು ಅವರು ಅಪ್ಪನಿಗೆ ಹೇಳಿಕೊಡುತ್ತಿದ್ದರು. ಅಪ್ಪ ಮಾತ್ರ ಯಾವಾಗಲೂ ಮೊದಲು ನೆಲಕ್ಕೇ ಹೊಡೆಯುತ್ತಿದ್ದರು. ಒಂದು ತಿಂಗಳಲ್ಲಿ ಆ ಬಯಲು ಶುಂಠಿ ಹಾಕಲು ಅಗೆದಿಟ್ಟಂತಾಗಿತ್ತು. ನಾನು ಕಿತ್ತುಹಾಕಿದ ಹಳೇ ಕಾಫಿ ಗಿಡದ ಡೊಂಕು ಬೇರನ್ನೇ ಕೋಲು ಮಾಡಿಕೊಂಡು ಹೆರಳೆಕಾಯಿ ಹೊಡೆಯುತ್ತಿದ್ದೆ. ಹೆರಳೆಕಾಯಿ ಒಡೆದು ಮೈಯೆಲ್ಲ ಹುಳಿ ನಾತ. ಅವ್ವ ಬಯ್ದರೆ "ಮಾಸ್ಟ್ರು ಹೇಳವ್ರೆ" ಎನ್ನುತ್ತಿದ್ದೆ. ಅವ್ವ ಅವರಿಗೆ ಏನೂ ಅನ್ನುತ್ತಿರಲಿಲ್ಲ. ಆ ಮೊದಲ ಬೆಳಿಗ್ಗೆ ಕಡುಬು ತಣ್ಣಗಾಗುವವರೆಗೆ ತಟ್ಟೆ ಹಿಡಿದು ನಿಂತವರು ಅವ್ವನೇ ತಾನೆ.

ಪ್ರತಿ ಹೊಡೆತದ ನಂತರ ಮಾಸ್ಟರು ಒಂದು ಮಾತು ಕೇಳುತ್ತಿದ್ದರು. "ಎಲ್ಲಿ ಬಿತ್ತು, ಗೌಡ್ರೇ?" ಅಪ್ಪನ ಪರೀಕ್ಷೆ ಮಾಡುತ್ತಿದ್ದಾರೆ ಎಂದು ನಾವೆಲ್ಲ ತಿಳಿದಿದ್ದೆವು. ಒಂದು ದಿನ ಬೆಳಿಗ್ಗೆ, ತಂತಿಯ ಮೇಲೆ ಒಗೆದು ಒಣಹಾಕಿದ್ದ ಅಪ್ಪನ ರೇನ್‌ಕೋಟಿಗೆ ಅವರು "ಗುಡ್ ಮಾರ್ನಿಂಗ್ ಗೌಡ್ರೇ" ಎಂದರು. ನಾನು ಕಿಸಕ್ಕನೆ ನಕ್ಕೆ. ಅಪ್ಪ ಹಿಂದೆಯೇ ಇದ್ದರು. ಅವರು ನಗಲಿಲ್ಲ.

ಕಟ್ಟೆಯ ಮೇಲೆ ಕೂತು ಮಾಸ್ಟರು ನಮ್ಮ ಮೂವರಿಗೂ ಎಲ್ಲ ಹೇಳಿದರು. ಒಂದು ಕಣ್ಣು ಆಪರೇಷನ್ನಿನಲ್ಲಿ ಹೋಗಿತ್ತು. ಇನ್ನೊಂದರಲ್ಲಿ ಹತ್ತಿರದ್ದು ಕಾಣುತ್ತದೆ, ದೂರದ್ದೆಲ್ಲ ಬರೀ ಹೊಗೆ. "ಚೆಂಡು ಕಾಣುತ್ತೆ ಗೌಡ್ರೇ, ಹೊಡೀತೀನಿ. ಹೋದ ಮೇಲೆ ಅದು ನನ್ನದಲ್ಲ."

ಕ್ಲಬ್ಬಿನವರು ಅವರನ್ನು ಇನ್ನೂ ಖಾಯಂ ಮಾಡಿರಲಿಲ್ಲ. ಮುಂದಿನ ಭಾನುವಾರ ಎಲ್ಲರೆದುರು ಹೊಡೆದು ತೋರಿಸಬೇಕು. ಒಪ್ಪಿಗೆಯಾದರೆ ಹೊಸ ಹೆಂಚಿನ ರೂಮು, ಊಟ, ಸಾಯುವವರೆಗೆ ಒಂದು ನೆಲೆ. ಕಣ್ಣು ಕಾಣದ ಮಾಸ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅಪ್ಪ ಅವರ ಕೈಮೇಲೆ ಕೈ ಹಾಕಿದರು. "ನಾನು ನಿಮ್ಮ ಹಿಂದೇನೆ ನಿಂತಿರ್ತೀನಿ ಮಾಸ್ಟ್ರೇ. ಬಿದ್ದ ಜಾಗ ಮೆಲ್ಲಗೆ ಹೇಳ್ತೀನಿ. ಅದನ್ನೇ ನೀವು ಜೋರಾಗಿ ಹೇಳಿ. ಯಾವ ನನ್ಮಗನಿಗೂ ಗೊತ್ತಾಗಲ್ಲ. ಇದು ಭಾಷೆ."

ಕೈಮೇಲೆ ಕೈ ಹಾಕಿ ಕೊಟ್ಟ ಭಾಷೆಯನ್ನು ಅಪ್ಪ ತಪ್ಪಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾತಿಗೆ ಸಿಕ್ಕಿಕೊಂಡು ಒಮ್ಮೆ ಗೊಡ್ಡು ಎಮ್ಮೆಯನ್ನೂ ಕೊಂಡುತಂದ ಮನುಷ್ಯ ಅವರು.

ಭಾನುವಾರ ಮಧ್ಯಾಹ್ನ ಕ್ಲಬ್ಬಿಗೆ ಹೋದೆವು. ಕುರ್ಚಿ ಹಾಕಿದ್ದರು, ಬೋಂಡಾ ಕರಿಯುವ ವಾಸನೆ ಬರುತ್ತಿತ್ತು. ಎತ್ತರದಲ್ಲಿ ಮಾಸ್ಟರು, ಅವರ ಬೆನ್ನಿಗೆ ಚೀಲ ಹಿಡಿದು ಅಪ್ಪ. ಎದುರಿಗೆ ಒಂದು ಹೊಂಡ, ಅದರಾಚೆ ಹಸಿರು ದಿಬ್ಬದ ಮೇಲೆ ಬಾವುಟ. ಕೋಲು ಕೊಡುವ ನೆಪದಲ್ಲಿ ಅಪ್ಪ ಮಾಸ್ಟರನ್ನು ಅದರ ನೇರಕ್ಕೆ ತಿರುಗಿಸಿ ನಿಲ್ಲಿಸಿದ್ದರು. ಎಲ್ಲರೂ ಹುಬ್ಬುಗಂಟಿಕ್ಕಿಕೊಂಡು ಕೂತಿದ್ದರು, ಏಕೆಂದರೆ ಹೋದ ವರ್ಷ ಹೂಮಳೆ ಕೈಕೊಟ್ಟಿತ್ತು, ಈ ವರ್ಷವೂ ಮೊಗ್ಗು ಒಣಗತೊಡಗಿದ್ದವು.

ಮಾಸ್ಟರು ಶುರುಮಾಡಿದರು. ಅದೇ ನಿಧಾನ, ಅದೇ ಸದ್ದು. ಅಪ್ಪನ ತುಟಿ ಅಲುಗಿದ್ದು ನನಗೊಬ್ಬಳಿಗೇ ಗೊತ್ತು. "ಎಡಕ್ಕೆ, ಎರಡು ಮಾರು." ಮಾಸ್ಟರು ಜನರತ್ತ ತಿರುಗಿ, "ಎರಡು ಮಾರು ಎಡಕ್ಕೆ ಹೋಯ್ತು ನೋಡಿ, ಮಣಿಕಟ್ಟು ಬೇಗ ತಿರುಗಿಸಿದೆ" ಎಂದರು. ಮುಂದಿನದನ್ನು ಬಾವುಟದ ನೇರಕ್ಕೆ ಕಳಿಸಿದರು. ಚಪ್ಪಾಳೆಯೋ ಚಪ್ಪಾಳೆ. ಒಣಗಿಕೊಂಡಿದ್ದ ಮುಖಗಳೆಲ್ಲ ಅರಳಿದವು. ನಮ್ಮಪ್ಪನೇ ಹೊಡೆಯುತ್ತಿದ್ದಾರೇನೋ ಎಂಬಂತೆ ನಾನು ಬೀಗುತ್ತಿದ್ದೆ.

ಕ್ಲಬ್ಬಿನ ಸೆಕ್ರೆಟರಿ ಎದ್ದು ನಿಂತರು. ದೊಡ್ಡ ಎಸ್ಟೇಟಿನ ಯಜಮಾನರು, ಅವರ ಮಾತೇ ಕ್ಲಬ್ಬಿನ ಮಾತು. "ಮಾಸ್ಟ್ರೇ, ಇನ್ನೊಂದೇ ಒಂದು. ಬಾವುಟದ ಬುಡದಲ್ಲಿ ಬಿದ್ರೆ ನೀವು ನಮ್ಮೋರು. ಏನಂತೀರಿ?"

ಮಾಸ್ಟರು ನಕ್ಕು ತಲೆಯಾಡಿಸಿದರು. ಕೋಲು ಹಿಂದಕ್ಕೆ ಹೋಯಿತು, ಹೆಗಲ ಮೇಲೆ ನಿಂತಿತು. ಅಷ್ಟರಲ್ಲಿ ಗಾಳಿ ತಿರುಗಿತು. ಹಸಿ ಮಣ್ಣಿನ ವಾಸನೆ ಗಪ್ಪನೆ ಬಂದು ಮೂಗಿಗೆ ಹೊಡೆಯಿತು. ದೋಣಿಗಲ್ ಕಡೆ ಗುಡುಗಿತು. ಕೋಲು ಚೆಂಡಿಗೆ ತಾಗಿದ ಸದ್ದೇನೋ ಕೇಳಿಸಿತು, ಆದರೆ ಆ ಹೊತ್ತಿಗೆ ಎಲ್ಲ ತಲೆಗಳೂ ಆಕಾಶಕ್ಕೆ ಎದ್ದಿದ್ದವು. ನನ್ನದೂ.

"ಗೌಡ್ರೇ, ಎಲ್ಲಿ?" ಎಂದರು ಮಾಸ್ಟರು, ತುಟಿಯಲ್ಲೇ.

ಅಪ್ಪ ಎರಡೂ ಅಂಗೈ ಮೇಲಕ್ಕೆ ಚಾಚಿ ನಿಂತಿದ್ದರು. ಟಪ್ಪನೆ ಒಂದು ದಪ್ಪ ಹನಿ.

"ಬಂತು ಕಣ್ರೋ!" ಯಾರೋ ಕಿರುಚಿದರು. ಅಷ್ಟೇ. ಕುರ್ಚಿಗಳು ಉರುಳಿದವು, ಬೋಂಡಾ ತಟ್ಟೆ ಮಗುಚಿತು. ತಂತಮ್ಮ ತೋಟದಲ್ಲಿ ಬೀಳುತ್ತಿದೆಯೋ ಇಲ್ಲವೋ ಎಂದು ನೋಡಲು ಜೀಪು, ಸ್ಕೂಟರು, ಕಾರು ಎಲ್ಲ ಒಟ್ಟಿಗೇ ಗೇಟಿಗೆ ನುಗ್ಗಿದವು. ನಮ್ಮ ಕಣದಲ್ಲಂತೂ ಕೊನೆಯ ಕುಯ್ಲಿನ ಕಾಫಿ ಹರಡಿಕೊಂಡಿತ್ತು. ಅಪ್ಪ ಚೀಲವನ್ನು ನೆಲಕ್ಕೆ ಬಿಟ್ಟು ಓಡಿದರು. "ಮಾಸ್ಟ್ರೇ, ಒಂದ್ನಿಮಿಷ, ಬಂದ್ಬುಟ್ಟೆ!" ನಾನು ಅವರಿಗಿಂತ ಮೊದಲೇ ಜೀಪಿನಲ್ಲಿದ್ದೆ. ತಿರುಗಿ ನೋಡಿದಾಗ ಮಾಸ್ಟರು ಇನ್ನೂ ಹಾಗೇ, ಎದೆ ಮುಂದಕ್ಕೆ, ಹಿಮ್ಮಡಿ ಮೇಲಕ್ಕೆ, ಉತ್ತರಕ್ಕೆ ಕಾಯುತ್ತ ನಿಂತಿದ್ದರು.

ಮನೆಯಲ್ಲಿ ಸುರಿಯುತ್ತಿತ್ತು. ನಾನು, ಅಪ್ಪ, ಅವ್ವ ಸೇರಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದೆವು. ಅಪ್ಪ ಮಕ್ಕಳಂತೆ ಕುಣಿದರು. ಮಳೆ ನಿಂತದ್ದೇ ಅಳತೆಯ ಡಬ್ಬದ ಹತ್ತಿರ ಓಡಿ, ಬಗ್ಗಿ ನೋಡಿ ಬಂದರು. ಆಮೇಲೆ ಫೋನಿನ ಮುಂದೆ ಕೂತರು. ಅಲ್ಲೆಷ್ಟು, ಇಲ್ಲೆಷ್ಟು. ಮೂರನೆಯದೋ ನಾಲ್ಕನೆಯದೋ ಫೋನು ಆಗುವಾಗ ಅವ್ವ ಕಾಫಿ ಲೋಟಗಳನ್ನು ತಂದರು. ಒಂದು ಲೋಟ ಹೆಚ್ಚಿತ್ತು.

"ಮಾಸ್ಟ್ರೆಲ್ಲಿ?"

ಅಪ್ಪ ಫೋನು ಕೆಳಗಿಟ್ಟು ಜೀಪಿನ ಕೀಲಿ ಹುಡುಕತೊಡಗಿದರು.

"ಅಯ್ಯೋ ಶಿವನೇ! ಮನೇಗ್ ಬಂದೋರ್ನ ಮಳೇಲಿ ಬುಟ್ಬುಟ್ ಬಂದ್ರಾ? ಕಣ್ಣು ಕಾಣ್ದೋರ್ನ?" ಅವ್ವ ಹಣೆ ಚಚ್ಚಿಕೊಂಡರು. "ಥೂ, ನಿಮ್ಮ ಮಳೆಗೆ ಬೆಂಕಿ ಹಾಕ."

ಕ್ಲಬ್ಬಿನಲ್ಲಿ ವಾಚ್‌ಮನ್ ಒಬ್ಬನೇ ಇದ್ದ, ನೆನೆದ ಕುರ್ಚಿ ಎತ್ತಿಡುತ್ತಿದ್ದ. "ಮಾಸ್ಟ್ರಿಗೆ ಕಣ್ಣು ಕಾಣಲ್ವಂತೆ ಸ್ವಾಮಿ, ನಿಮಗೆ ಗೊತ್ತಿತ್ತಾ?" ಎಂದ. ಛತ್ರಿ ಮರೆತಿದ್ದ ಸೆಕ್ರೆಟರಿ ವಾಪಸ್ಸು ಬಂದಿದ್ದರಂತೆ. "ಈ ಕಡೆ ಬನ್ನಿ ಮಾಸ್ಟ್ರೇ, ವರಾಂಡಕ್ಕೆ" ಎಂದು ಕರೆದರೆ, ಇವರು ಮಳೆಯಲ್ಲಿ ದಿಕ್ಕು ತಪ್ಪಿ ಹೊಂಡದ ಕಡೆ ಹೊರಟರಂತೆ. "ನಾನೇ ಓಡಿ ಹೋಗಿ ಕೈ ಹಿಡ್ಕೊಂಡು ಬಂದೆ. ಯಜಮಾನ್ರು ನೋಡ್ತಾನೇ ನಿಂತಿದ್ರು."

ವರಾಂಡದ ಬೆಂಚಿನ ಮೇಲೆ ಮಾಸ್ಟರು ತಲೆಗೆ ಟವೆಲು ಹೊದ್ದು ಕೂತಿದ್ದರು. ಅಪ್ಪ ಹತ್ತಿರ ಹೋದರು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದ ಮಾಸ್ಟರು ಕೇಳಿದರು.

"ಗೌಡ್ರೇ, ಆ ಕೊನೇದು ಎಲ್ಲಿ ಬಿತ್ತು?"

ಅಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಕೈಗೆ ಬಹಳ ಚೆನ್ನಾಗಿ ಸಿಕ್ಕಿತ್ತು. ಎಷ್ಟೋ ವರ್ಷದಿಂದ ಹಾಗೆ ಸಿಕ್ಕಿರಲಿಲ್ಲ. ಅದಕ್ಕೇ ಕೇಳಿದೆ."

ಅಪ್ಪನ ಸಂಕಟ ಮಾಸ್ಟರಿಗೇ ನೋಡಲಾಗಲಿಲ್ಲವೇನೋ, ಮಾತು ಬದಲಾಯಿಸಿದರು. "ಹೋಗಲಿ ಬಿಡಿ. ನಿಮ್ಮ ತೋಟದಲ್ಲಿ ಮಳೆ ಬಿತ್ತಾ?"

"ಒಂದಿಂಚು ಹನ್ನೆರಡು ಸೆಂಟ್ಸ್!" ಅಪ್ಪನ ಬಾಯಿಂದ ಥಟ್ಟನೆ ಬಂತು. ಖುಷಿಯ ದನಿಯಲ್ಲೇ ಬಂತು. ಬಂದ ಮೇಲೆ ಅವರು ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದರ ಅರ್ಥ ನನಗೆ ಆ ವರಾಂಡದಲ್ಲಿ ಗೊತ್ತಾಯಿತು.

"ಒಳ್ಳೇದಾಯ್ತು" ಎಂದರು ಮಾಸ್ಟರು. ಬೇಸರದಿಂದ ಅಂದದ್ದಲ್ಲ, ಅದೇ ಇನ್ನೂ ಕಷ್ಟ.

ಮಾರನೆಯ ದಿನ ಬೆಳಿಗ್ಗೆ ಅವ್ವ ಅಕ್ಕಿರೊಟ್ಟಿ ಕಟ್ಟಿಕೊಟ್ಟರು. ಇರಿ ಎಂದು ಅಪ್ಪ ಕಾಲು ಹಿಡಿಯುವಷ್ಟು ಬೇಡಿಕೊಂಡರು. "ಕೆಲಸ ಇಲ್ಲದೆ ನಿಮ್ಮನೇಲಿ ಎಷ್ಟು ದಿನ ಇರಲಿ, ಗೌಡ್ರೇ" ಎಂದರು ಮಾಸ್ಟರು. ಬೆಂಗಳೂರು ಬಸ್ಸು ಹತ್ತಿಸಿ ಬಂದ ಅಪ್ಪ ಮತ್ತೆ ಕೋಲು ಮುಟ್ಟಲಿಲ್ಲ, ಕ್ಲಬ್ಬನ್ನೂ ಬಿಟ್ಟರು. ಮಾಸ್ಟರು ಆಮೇಲೆ ಎಲ್ಲಿದ್ದರು, ಹೇಗಿದ್ದರು, ತಿಳಿಯಲಿಲ್ಲ. ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂಬಿಟ್ಟಿತು. ಅಂಥ ಹೂವು ನಮ್ಮ ತೋಟ ಕಂಡೇ ಇರಲಿಲ್ಲ. ಬಂದವರು ಹೊಗಳಿದರೆ ಅಪ್ಪ ಎದ್ದು ಒಳಗೆ ಹೋಗುತ್ತಿದ್ದರು.

ಈಗ ಅಪ್ಪ ಇಲ್ಲ. ಆ ಮೈದಾನದಲ್ಲಿ ಲಂಟಾನ ಬೆಳೆದಿದೆ. ಹೂಮಳೆಗೆ ಯಾರೂ ಅಷ್ಟಾಗಿ ಕಾಯುವುದಿಲ್ಲ, ಹೊಳೆಗೆ ಪಂಪಿಟ್ಟು ಸ್ಪ್ರಿಂಕ್ಲರ್ ತಿರುಗಿಸುತ್ತಾರೆ. ನನ್ನ ಮಗ ಟೀವಿಯಲ್ಲಿ ಗಾಲ್ಫ್ ನೋಡುತ್ತಾನೆ. ಎಂಥೆಂಥವರೋ ಹೊಡೆಯುತ್ತಾರೆ, ಚೆಂಡಿನ ಹಿಂದೆಯೇ ಗೆರೆ ಎಳೆದು ಅದು ಬಿದ್ದ ಜಾಗದವರೆಗೂ ತೋರಿಸುತ್ತಾರೆ. ಅವರಲ್ಲಿ ಯಾರೂ ಹೆಗಲ ಮೇಲೆ ಆ ಒಂದು ಗಳಿಗೆ ನಿಲ್ಲುವುದಿಲ್ಲ. ಹಾಗೆಂದು ಹೇಳಿದ್ದಕ್ಕೆ ಮಗ ಮಾಸ್ಟರ ಕಥೆ ಪೂರ್ತಿ ಕೇಳಿದ. ಕೇಳಿ, "ಅಮ್ಮ, ಆ ಕೊನೇ ಬಾಲು ಬಾವುಟದ ಹತ್ರ ಬಿತ್ತಾ?" ಎಂದ.

ಅಷ್ಟು ಜನ ಕಣ್ಣಿದ್ದವರು ಅಲ್ಲೇ ಇದ್ದೆವು. ಗೊತ್ತಿಲ್ಲ ಮಗಾ ಎಂದೆ.