ಮೈಲಾರಪ್ಪನ ಗ್ಯಾಲರಿಯ ಏಳು ಹೆಣ್ಣುಮಕ್ಕಳು

ಧಾರವಾಡದ ಯೂನಿವರ್ಸಿಟಿ ಗುಡ್ಡದ ಮೇಲೆ ದೊಡ್ಡ ದೊಡ್ಡ ಪ್ರೊಫೆಸರರು ಎಷ್ಟೋ ಮಂದಿ ಇದ್ದರು, ಆದರೆ ಸಾವಿರ ವರ್ಷ ವಯಸ್ಸಿನ ಏಳು ಹೆಣ್ಣುಮಕ್ಕಳ ಮುಖವನ್ನು ದಿನಾ ಬೆಳಿಗ್ಗೆ ಒರೆಸುವ ಅಧಿಕಾರ ಇದ್ದದ್ದು ಒಬ್ಬನಿಗೇ. ಅವನೇ ಗ್ಯಾಲರಿಯ ಸಿಪಾಯಿ ಮೈಲಾರಪ್ಪ!

ಆ ಏಳು ಮಂದಿ ಒಂದೇ ಉದ್ದನೆಯ ಕಲ್ಲಿನಲ್ಲಿ ಸಾಲಾಗಿ ಕುಳಿತಿದ್ದರು. ಯಾವುದೋ ಹಳ್ಳಿಯ ಹೊಲದಲ್ಲಿ ಸಿಕ್ಕ ಕಲ್ಲು. ಎಡತುದಿಗೆ ವೀಣೆ ಹಿಡಿದ ಒಬ್ಬ ದೇವರು, ಬಲತುದಿಗೆ ಗಣಪತಿ, ನಡುವೆ ಇವರು. ಕೆಳಗಿನ ಚೀಟಿಯಲ್ಲಿ ‘ಸಪ್ತಮಾತೃಕೆಯರು, ಹತ್ತನೆಯ ಶತಮಾನ’ ಎಂದು ಕ್ಯುರೇಟರ್ ಹೂಲಗೇರಿ ಸಾಹೇಬರ ದುಂಡು ಅಕ್ಷರ. ಆದರೆ ಯಾರಾದರೂ ನೋಡಲು ಬಂದರೆ ಮೈಲಾರಪ್ಪ ಚೀಟಿ ಓದಲು ಬಿಡುತ್ತಿದ್ದನೇ? ಖಾಕಿ ಕೋಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಶುರು!

“ಬರ್ರಿ, ಬರ್ರಿ. ಈ ಏಳೂ ಮಂದಿ ಅಕ್ಕತಂಗ್ಯಾರ್ರಿ. ಈಕಿ ಹಿರ್ಯಾಕಿ, ಭಾಳ ಶಾಣ್ಯಾಕಿ. ಈಕಿ ಕಡೀಕಿನಾಕಿ, ಸಿಟ್ಟಿನಾಕಿ, ನೋಡ್ರಿ ಕಣ್ಣ ಹೆಂಗ ಬಿಟ್ಟಾಳ. ಆ ತುದಿಗಿ ಈ ತುದಿಗಿ ಕುಂತಾರಲ್ಲ, ಇಬ್ಬರೂ ಇವರ ಅಣ್ಣತಮ್ಮಂದ್ರು. ಹೆಣ್ಣಮಕ್ಕಳನ್ನ ಬರೇ ಹಂಗ ಕುಂಡರಸ್ತಾರೇನ್ರಿ?”

ಪಾಪ, ಹೀಗೆ ಹೇಳಿಸಿಕೊಳ್ಳಲು ಬರುವವರೇ ಕಡಿಮೆ. ಮಳೆ ಬಂದರೆ ನಾಲ್ಕು ಮಂದಿ ಒಳಗೆ ನಿಲ್ಲಲು ಬರುತ್ತಿದ್ದರು. ಅವರಿಗೂ ಬಿಡದೆ ಎಲ್ಲವನ್ನೂ ತೋರಿಸುತ್ತಿದ್ದ. ಉಳಿದ ದಿನ ಅವನೂ ಆ ಕಲ್ಲುಗಳೂ, ಗೋಡೆಯ ಮೇಲೆ ಚಿನ್ನದ ಕಟ್ಟಿನ ಪಟಗಳಲ್ಲಿ ಕುಳಿತ ಮೀಸೆಯ ದಾನಿಗಳೂ. ಅವನಿಗೆ ಬೇಸರವೇನಿರಲಿಲ್ಲ. ಅವನ ಹಳೆಯ ಊರಿನಲ್ಲಿ ದೇವಿಯ ಗುಡಿಯ ಹೊಸ್ತಿಲು ದಾಟಲು ಅವನ ಮನೆಯವರನ್ನು ಯಾರೂ ಬಿಟ್ಟಿರಲಿಲ್ಲ; ಇಲ್ಲಿ ಏಳು ದೇವಿಯರ ಗಲ್ಲ ಒರೆಸಿ ಸಂಬಳ ತೆಗೆದುಕೊಳ್ಳುತ್ತಿದ್ದ! ಇದಕ್ಕಿಂತ ಛಲೋ ನೌಕರಿ ಭೂಮಿಯ ಮೇಲೆ ಇದೆಯೇ?

ಒಂದೇ ಕೊರತೆ, ಆರು ವರ್ಷವಾದರೂ ನೌಕರಿ ಟೆಂಪರರಿ. ಒಂದೇ ಭಯ, ಹೂಲಗೇರಿ ಸಾಹೇಬರು. ಸಾಹೇಬರು ವಿಲಾಯತಿಯಲ್ಲಿ ಓದಿ ಬಂದವರು, ಕಲ್ಲಿನ ಮೇಲೆ ಎಣ್ಣೆ ಕಂಡರೆ ತಮ್ಮ ಮೈಮೇಲೇ ಬಿದ್ದಂತೆ ನಡುಗುವವರು. ನೌಕರಿಗೆ ಸೇರಿದ ದಿನವೇ ಹೇಳಿದ್ದರು: “ಮೈಲಾರಪ್ಪ, ಇದು ಗುಡಿ ಅಲ್ಲ. ಕಲ್ಲಿನ ಮ್ಯಾಲೆ ಒಂದ ಚುಕ್ಕಿ ಕುಂಕುಮ ಬಿತ್ತಂದ್ರ, ಅವತ್ತೇ ನೀನು ಮನಿಗೆ.”

ಹೀಗಿರುವಾಗ ೧೯೬೩ರ ಕಾರಹುಣ್ಣಿಮೆ ಮುಗಿದ ವಾರ ಆ ಸುದ್ದಿ ಬಂತು. ಸ್ಟ್ಯಾಟಿಸ್ಟಿಕ್ಸ್ ಡಿಪಾರ್ಟ್‌ಮೆಂಟಿಗೆ ಹಾಲ್ ಬೇಕು. ಲೆಕ್ಕ ಮಾಡುವ ಮಶೀನುಗಳು ಬರುತ್ತವೆ. ಯಾರೂ ಬರದ ಗ್ಯಾಲರಿ ಯಾಕೆ ಬೇಕು? ಸೋಮವಾರ ಕಲ್ಲುಗಳೆಲ್ಲ ಲೈಬ್ರರಿಯ ಕೆಳಗಿನ ನೆಲಮಾಳಿಗೆಗೆ, ದಾನಿಗಳು ಗೋಡೆಯಿಂದ ಕೆಳಗೆ, ಮೈಲಾರಪ್ಪ ಗುಡ್ಡದಿಂದ ಕೆಳಗೆ. ಬೀಗ ಹಾಕಿದ ನೆಲಮಾಳಿಗೆಗೆ ಸಿಪಾಯಿ ಯಾಕೆ?

ಬುಧವಾರ ಸಂಜೆ ಹುಬ್ಬಳ್ಳಿಗೆ ಬಂದು, ಗೋಪನಕೊಪ್ಪದ ತನ್ನ ಮನೆಯಲ್ಲಿ ಊಟಕ್ಕೆ ಕುಳಿತವನು ಎರಡು ತುತ್ತಿಗೇ ತಾಟು ದೂರ ಸರಿಸಿದ. ಹೆಂಡತಿ ಶೇವಂತೆವ್ವ ಕೇಳಿದಳು, “ಯಾಕ್ರೀ, ಪಲ್ಯಾ ಖಾರಾಗೇತೇನು?”

“ಖಾರ ಅಲ್ಲ. ಸೋಮವಾರ ನಮ್ಮ ಏಳೂ ಮಂದಿ ಹೊಂಟ್ರು.”

ನೌಕರಿಯ ಮಾತು ಬಾಯಿಗೆ ಬರುವ ಮೊದಲೇ ಮೂಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವನ ತಾಯಿ ಗುಡ್ಡವ್ವ ಮೊರ ಕೆಳಗಿಟ್ಟಳು. ಆರು ವರ್ಷದಿಂದ ಮಗನ ಬಾಯಲ್ಲಿ ಆ ಅಕ್ಕತಂಗಿಯರ ಕತೆ ಕೇಳಿ ಕೇಳಿ ಅವಳಿಗೆ ಅವರೆಲ್ಲ ಓಣಿಯವರಷ್ಟೇ ಗೊತ್ತು.

“ಹೊಂಟ್ರು ಅಂದ್ರ? ಉಡಿ ತುಂಬೀರೇನು? ಸೆರಗಿಗಿ ಅಕ್ಕಿ ಕೊಬ್ಬರಿ ಹಾಕೀರೇನು?”

“ಯವ್ವಾ, ಅವು ಕಲ್ಲ.”

“ಕಲ್ಲ ಇದ್ರ ಆರ ವರ್ಷ ಅಕ್ಕತಂಗ್ಯಾರು ಅಂತ ಯಾಕ ಹೇಳಿದಿ? ಏಳ ಮಂದಿ ಹೆಣ್ಣಮಕ್ಕಳು ನಿನ್ನ ಕಣ್ಣ ಮುಂದ ಬರೇ ಉಡ್ಯಾಗ ಮನಿ ಬಿಟ್ಟ ಹೋಗಬೇಕೇನು? ನಾಚಿಕಿ ಬರಂಗಿಲ್ಲ?”

“ಅಲ್ಲಿ ಪೂಜಿ ಮಾಡಂಗಿಲ್ಲಬೇ! ಸಾಹೇಬರ ಹುಕುಂ ಐತಿ.”

“ಪೂಜಿ ಅಂತ ಯಾರಂದ್ರು? ನಿನ್ನ ತಂಗಿ ಗಂಡನ ಮನಿಗಿ ಹೋಗುಮುಂದ ಉಡಿ ತುಂಬೇನಿ. ನಾ ಅಕಿಗಿ ಪೂಜಿ ಮಾಡಿದ್ನೇನು?”

ವಿಲಾಯತಿಯಲ್ಲಿ ಓದಿದವರೂ ಇದಕ್ಕೆ ಉತ್ತರ ಕೊಡಲಾರರು ಎಂದು ಮೈಲಾರಪ್ಪನಿಗೆ ಅನ್ನಿಸಿತು. ಹೋಗಲಿ, ಅವ್ವ ಮತ್ತು ಹೆಂಡತಿ, ಇಬ್ಬರೇ ತಾನೇ! ಶುಕ್ರವಾರ ಹತ್ತು ನಿಮಿಷ ಬಂದು ಹೋಗಲಿ, ಸಾಹೇಬರು ಊಟಕ್ಕೆ ಹೋದಾಗ ಮುಗಿಸಿದರಾಯಿತು. ಇದು ಅವನ ಲೆಕ್ಕ. ಗೋಪನಕೊಪ್ಪದಲ್ಲಿ ಗುಡ್ಡವ್ವ ಎರಡು ದಿನ ಬಾಯಿ ಮುಚ್ಚಿಕೊಂಡು ಇರುತ್ತಾಳೆ ಎಂದು ನಂಬಿದ್ದೇ ಅವನ ತಪ್ಪು.

ಶುಕ್ರವಾರ ಮಧ್ಯಾಹ್ನ ಗೇಟಿನ ವಾಚ್‌ಮನ್ ಮಕಬೂಲಸಾಬ ಓಡುತ್ತಾ ಬಂದ. ಅವನು ಓಡಿದ್ದನ್ನು ಆ ಗುಡ್ಡದ ಮೇಲೆ ಯಾರೂ ನೋಡಿರಲಿಲ್ಲ.

“ಮೈಲಾರಪ್ಪಾ! ನಿಮ್ಮ ಬೀಗರು ಬಂದಾರಪಾ!”

“ಎಷ್ಟ ಮಂದಿ?”

“ನಾ ಮೂವತ್ತರ ತನಕಾ ಎಣಿಸಿದೆ. ಬಸ್ಸಿನ್ಯಾಗ ಇನ್ನೂ ಇಳ್ಯಾಕತ್ತಿದ್ರು!”

ಓಣಿಯ ಹೆಂಗಸರೆಲ್ಲ ಬಂದೇಬಿಟ್ಟರು! ಹಸಿರು ಸೀರೆ, ಕೆಂಪು ಸೀರೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಅಕ್ಕಿ, ಉತ್ತತ್ತಿ, ಅರಿಷಿಣದ ಬೇರು, ಕೊಬ್ಬರಿ ಬಟ್ಟಲು, ಏಳು ಬಣ್ಣದ ಏಳು ಕುಬಸದ ಖಣ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಒಳಗೆ ಬಂದು, ಮೀಸೆಯ ದಾನಿಗಳನ್ನು ಕಂಡು ಎಲ್ಲರೂ ತಲೆಯ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಕಲ್ಲಿನ ಮುಂದೆ ನಿಂತರು, ನಿಂತೇಬಿಟ್ಟರು. ದೇವಿಯರಿಗೆ ಇಷ್ಟು ಹತ್ತಿರ!

“ಅಯ್ಯ, ಎಷ್ಟ ಚಂದ ಅದಾರವ್ವ,” ಎಂದಳು ಕಸ್ತೂರೆವ್ವ, ಪಕ್ಕದ ಮನೆಯವಳು. “ಇಕಿ ತೊಡಿಮ್ಯಾಲಿನ ಕೂಸ ನೋಡ, ಹಾಲ ಕೇಳಾಕತ್ತೈತಿ.”

ಮೈಲಾರಪ್ಪ ಎರಡೂ ಕೈ ಚಾಚಿ ಕಲ್ಲಿಗೆ ಅಡ್ಡ ನಿಂತ. “ಮುಟ್ಟಬ್ಯಾಡ್ರಿ! ಕುಂಕುಮ ಹಚ್ಚಬ್ಯಾಡ್ರಿ! ನಿಮ್ಮ ಕಾಲಿಗಿ ಬೀಳ್ತೇನಿ, ನನ್ನ ಹೊಟ್ಟಿಮ್ಯಾಲೆ ಕಾಲಿಡಬ್ಯಾಡ್ರಿ!”

“ಮುಟ್ಟಂಗಿಲ್ಲ ತಗೋ,” ಎಂದಳು ಗುಡ್ಡವ್ವ. “ಆದ್ರ ಸೆರಗ ಒಡ್ಡಾವ್ರ ಯಾರು? ಕಲ್ಲಿನ ಸೆರಗ ಬಿಚ್ಚಾಕ ಬರಂಗಿಲ್ಲ. ಇವರ ಬದಲಿ ಈ ಮನಿಯಾವ್ರ ಯಾರರ ಉಡಿ ಒಡ್ಡಬೇಕು. ಕರಿ, ಈ ಮನಿ ಹೆಣ್ಣಮಗಳನ್ನ.”

“ಇಲ್ಲಿ ಹೆಂಗಸರ ಇಲ್ಲಬೇ. ನಾ, ಸಾಹೇಬ್ರು, ಇಷ್ಟ.”

“ಹೆಂಗಸರಿಲ್ಲದ ಮನಿ!” ಶೇವಂತೆವ್ವ ಗಂಡನ ಕಡೆ ನೋಡಿದಳು. “ಅದಕ್ಕ ಮೂಲ್ಯಾಗ ಜೇಡರ ಬಲಿ ಹಂಗ ಜೋತಾಡಾಕತ್ತೈತಿ.”

ಸರಿಯಾಗಿ ಆಗ ಬಾಗಿಲಲ್ಲಿ ಬೂಟಿನ ಸಪ್ಪಳ. ರಜಿಸ್ಟ್ರಾರ್ ಸಾಹೇಬರು! ಹಾಲ್ ಅಳೆಯಲು ಖುದ್ದಾಗಿ ಬಂದಿದ್ದರು. ಸ್ಟ್ಯಾಟಿಸ್ಟಿಕ್ಸ್‌ನವರ ನೀಲಿ ನಕ್ಷೆಯನ್ನು ಎರಡೂ ಕೈಯಲ್ಲಿ ಅಗಲವಾಗಿ ಬಿಚ್ಚಿ ಹಿಡಿದುಕೊಂಡು, ಅದರೊಳಗೇ ಮುಖ ಇಟ್ಟುಕೊಂಡು, “ಮಶೀನು ಇಲ್ಲಿ... ಕಪಾಟು ಇಲ್ಲಿ...” ಎನ್ನುತ್ತಾ ನಡೆದು ಬಂದು, ಕಲ್ಲಿನ ಮುಂದೆ ಬಾಗಿಲಿನ ಕಡೆ ತಿರುಗಿ ನಿಂತರು. ಅವರ ಹಿಂದೆ ಹೆಣದ ಹಿಂದೆ ನಡೆದವರಂತೆ ಹೂಲಗೇರಿ ಸಾಹೇಬರು.

ಗುಡ್ಡವ್ವ ನೋಡಿದಳು. ಮನೆಯ ಹಿರಿಯ ಬಂದಿದ್ದಾನೆ. ಕಲ್ಲಿಗೆ ಬೆನ್ನು ಮಾಡಿ ನಿಂತಿದ್ದಾನೆ. ಎರಡೂ ಕೈಯಲ್ಲಿ ಉಡಿ ಅಗಲವಾಗಿ ಒಡ್ಡಿದ್ದಾನೆ. ಇನ್ನೇನು ಬೇಕು?

ಒಂದು ಬೊಗಸೆ ಅಕ್ಕಿ ದಬ್ ಎಂದು ನಕ್ಷೆಯೊಳಗೆ ಬಿತ್ತು.

ರಜಿಸ್ಟ್ರಾರರು ಬೆಚ್ಚಿದರು, ಆದರೆ ಕೈ ಬಿಡಲಿಲ್ಲ! ಎಷ್ಟಾದರೂ ಅವರೂ ಒಬ್ಬ ತಾಯಿಯ ಮಗ, ಉಡಿಯ ಅಕ್ಕಿ ನೆಲಕ್ಕೆ ಚೆಲ್ಲಬಾರದು ಎಂದು ಹುಟ್ಟಿನಿಂದ ನೋಡಿ ಬೆಳೆದವರು. ತಲೆ ಏನು ಹೇಳುತ್ತಿತ್ತೋ, ಕೈ ಮಾತ್ರ ತಾನಾಗಿಯೇ ನಕ್ಷೆಯ ನಾಲ್ಕೂ ಮೂಲೆ ಮೇಲಕ್ಕೆತ್ತಿತು. ಅದರೊಳಗೆ ಉತ್ತತ್ತಿ ಬಿತ್ತು, ಅರಿಷಿಣ ಬಿತ್ತು, ಕೊಬ್ಬರಿ ಬಿತ್ತು. ಮಶೀನಿನ ಜಾಗ ಮುಚ್ಚಿತು, ಕಪಾಟಿನ ಜಾಗ ಮುಚ್ಚಿತು, ಸ್ಟ್ಯಾಟಿಸ್ಟಿಕ್ಸ್‌ನ ಬಾಗಿಲೂ ಕಿಟಕಿಯೂ ಖಣದ ಕೆಳಗೆ ಹೋದವು.

“ಇದೇನು! ಯಾರಿವರು! ಹೂಲಗೇರಿಯವ್ರ!” ರಜಿಸ್ಟ್ರಾರರು ಕೂಗಿದರು, ಕೂಗುತ್ತಲೇ ಇನ್ನಷ್ಟು ಭದ್ರವಾಗಿ ಹಿಡಿದುಕೊಂಡರು.

“ಮೈಲಾರಪ್ಪ!” ಹೂಲಗೇರಿ ಸಾಹೇಬರು ಕೂಗಿದರು.

ಅಷ್ಟರಲ್ಲಿ ಕಸ್ತೂರೆವ್ವ ಹೂಲಗೇರಿ ಸಾಹೇಬರ ಹೆಗಲಿಗೆ ಹೊಸ ಟವೆಲ್ಲು ಹಾಕಿಬಿಟ್ಟಳು. “ಅಣ್ಣಗೋಳಿಗಿ ಆಯೇರಿ ಮಾಡಬೇಕಲ್ರಿ. ನೀವು ಈ ತುದಿಯಾವ್ರು.” ಆ ತುದಿಯ ಗಣಪತಿಯ ಟವೆಲ್ಲು ಬಾಗಿಲಲ್ಲಿ ಇಣುಕುತ್ತಿದ್ದ ಮಕಬೂಲಸಾಬನ ಹೆಗಲಿಗೆ ಬಿತ್ತು. ಅವನು ಸಲಾಮು ಹೊಡೆದು ತೆಗೆದುಕೊಂಡ.

ಗುಡ್ಡವ್ವ ಈಗ ಹಿರಿಯರ ಮಾತಿಗೆ ಇಳಿದಳು. “ಹೇಳ್ರಿ ಯಜಮಾನ್ರ. ಹೆಣ್ಣಮಕ್ಕಳನ್ನ ಎಂಥಾ ಮನಿಗಿ ಕಳಸಾಕತ್ತೀರಿ? ಗಾಳಿ ಬೆಳಕು ಐತೇನು?”

“ಅದು... ಲೈಬ್ರರಿ ಕೆಳಗ... ನೆಲಮಾಳಿಗಿ ಅದ,” ಎಂದರು ರಜಿಸ್ಟ್ರಾರರು.

“ನೆಲಮಾಳಿಗಿ!” ಮೂವತ್ತು ಬಾಯಿ.

“ಮಳಿಗಾಲದಾಗ ಮೊಳಕಾಲ ಮಟಾ ನೀರ ನಿಲ್ತದ,” ಎಂದರು ಹೂಲಗೇರಿ ಸಾಹೇಬರು. ಹೋದ ಮಳೆಗಾಲದಿಂದ ಕಾಗದ ಬರೆದು ಬರೆದು ಯಾರೂ ಓದದ ಮಾತು ಇದು. ಟವೆಲ್ಲು ಹಾಕಿಕೊಂಡ ಅಣ್ಣನಾಗಿ ಹೇಳಿದಾಗ ಕೇಳುವವರು ಸಿಕ್ಕರು! ಮೈಲಾರಪ್ಪ ಕಣ್ಣು ಮುಚ್ಚಿ ನಿಂತಿದ್ದವನು ಒಂದು ಕಣ್ಣು ತೆರೆದ.

“ನಿಮ್ಮ ಮಗಳನ್ನ ಅಂಥಾ ಮನಿಗಿ ಕೊಡ್ತಿದ್ರೇನ್ರಿ?” ಗುಡ್ಡವ್ವ ಕೇಳಿದಳು.

ಅವಳಿಗೆ ಗೊತ್ತಿರಲಿಲ್ಲ, ಆದರೆ ಗುಡ್ಡದ ಮೇಲೆ ಎಲ್ಲರಿಗೂ ಗೊತ್ತಿತ್ತು: ರಜಿಸ್ಟ್ರಾರರು ಹೋದ ತಿಂಗಳಷ್ಟೇ ಒಬ್ಬಳೇ ಮಗಳನ್ನು ಬಳ್ಳಾರಿಗೆ ಕೊಟ್ಟು, ಬಳ್ಳಾರಿಯ ಬಿಸಿಲು ನೆನೆಸಿಕೊಂಡು ಮೂರು ದಿನ ಆಫೀಸಿಗೆ ಬಂದಿರಲಿಲ್ಲ. ಅವರ ಮೂಗಿನ ತುದಿ ಕೆಂಪಾಯಿತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇಲ್ಲ.

“ಹೋಗ್ಲಿ ಬಿಡ್ರಿ,” ಗುಡ್ಡವ್ವ ದನಿ ಇಳಿಸಿದಳು. “ನಾಗರ ಪಂಚಮಿಗಿ ಹೆಣ್ಣಮಕ್ಕಳನ್ನ ತವರಿಗಿ ಕರಿಯಾಕ ಬರ್ತೇವಿ. ಎಲ್ಲಿಗಿ ಬರೂಣು? ಅಷ್ಟ ಹೇಳ್ರಿ. ಆ ನೀರ ನಿಂತ ಮನಿಗೇನು?”

ಒಂದು ಕೂಸು ಅಳಲು ಶುರುಮಾಡಿ, ತಾನೇ ಸುಮ್ಮನಾಯಿತು. ಮೈಲಾರಪ್ಪನಿಗೆ ತನ್ನ ಆರು ವರ್ಷದ ನೌಕರಿ ಈ ಒಬ್ಬ ಮನುಷ್ಯನ ಬಾಯಿಯಲ್ಲಿ ಅಡಿಕೆಯಂತೆ ಸಿಕ್ಕಿಕೊಂಡಿದೆ ಎನಿಸಿತು.

ರಜಿಸ್ಟ್ರಾರರು ಕೈಯಲ್ಲಿದ್ದ ಉಡಿ ನೋಡಿದರು. ಹಿಂತಿರುಗಿ ಆ ಏಳು ಮಂದಿಯನ್ನು ನೋಡಿದರು. ಬಹುಶಃ ಮೊದಲ ಸಲ ನೋಡಿದರು.

“ಇಲ್ಲಿಗೇ ಬರ್ರಿ,” ಎಂದರು.

“ಇಲ್ಲಿಗೇ?”

“ಇಲ್ಲಿಗೇ. ಇಲ್ಲೇ ಇರ್ತಾರ.”

“ಮತ್ತ ಸ್ಟ್ಯಾಟಿಸ್ಟಿಕ್ಸ್‌ನವರಿಗೆ ಏನ್ ಹೇಳೂದ್ರಿ?” ಹೂಲಗೇರಿ ಸಾಹೇಬರು ಮೆಲ್ಲಗೆ ಕೇಳಿದರು.

“ಪಂಚಮಿ ಆಗ್ಲಿ, ನೋಡೂಣಂತ ಹೇಳ್ರಿ! ಮೊದ್ಲ ಇದನ್ನ ಯಾರರೆ ಹಿಡೀರಿ, ನನ್ನ ಕೈ ಸೋತು ಹೋಗ್ಯಾವ!”

ಹೆಂಗಸರು ಹೋದ ಮೇಲೆ ಹೂಲಗೇರಿ ಸಾಹೇಬರು ಭೂತಗನ್ನಡಿ ತಂದು ಕಲ್ಲಿನ ಮೇಲೆ ಇಂಚು ಇಂಚು ಹುಡುಕಿದರು. ಒಂದು ಚುಕ್ಕೆ ಕುಂಕುಮವಿಲ್ಲ, ಒಂದು ಹನಿ ಎಣ್ಣೆಯಿಲ್ಲ. “ಸಾಹೇಬ್ರ,” ಮೈಲಾರಪ್ಪ ಕೈಕಟ್ಟಿಕೊಂಡು ನಿಂತ, “ಪೂಜಿ ಮಾಡಿಲ್ರಿ.” ಸಾಹೇಬರು ಭೂತಗನ್ನಡಿ ಜೇಬಿಗಿಟ್ಟು, “ಆ ಅಕ್ಕಿ ಕಾಳು ಆರಿಸು, ಇಲಿ ಬರ್ತಾವ,” ಎಂದಷ್ಟೇ ಹೇಳಿ ಹೋದರು. ಟವೆಲ್ಲು ಹೆಗಲ ಮೇಲೇ ಇತ್ತು.

ಸಂಜೆಯ ಬಸ್ಸಿನಲ್ಲಿ ಮೂವತ್ತು ಮಂದಿ ಒಟ್ಟಿಗೆ ಮಾತಾಡುತ್ತಿದ್ದರು. ಕಿಟಕಿಯ ಬಳಿ ಶೇವಂತೆವ್ವ ಗಂಡನ ಕಿವಿಗೆ ಬಾಗಿದಳು.

“ನೌಕರಿ ಉಳೀತೇನ್ರಿ?”

“ಪಂಚಮಿ ತನಕಾ ಉಳೀತು.”

“ಪಂಚಮಿ ಆದಮ್ಯಾಲೆ?”

ಮೈಲಾರಪ್ಪ ಮುಂದಿನ ಸೀಟಿನಲ್ಲಿ ಕುಳಿತ ಅವ್ವನನ್ನು ನೋಡಿದ. ಅವಳು ಆಗಲೇ ಕಸ್ತೂರೆವ್ವನ ಸಂಗಡ ಪಂಚಮಿಗೆ ಎಷ್ಟು ಉಂಡಿ ಕಟ್ಟಬೇಕು, ಗುಡ್ಡದ ಮೇಲಿನ ಯಾವ ಗಿಡಕ್ಕೆ ಜೋಕಾಲಿ ಹಾಕಬೇಕು ಎಂದು ನಿರ್ಣಯ ಮಾಡುತ್ತಿದ್ದಳು.

“ಆಮ್ಯಾಲಿಂದು ರಜಿಸ್ಟ್ರಾರ್ ಸಾಹೇಬರ ಚಿಂತಿ,” ಎಂದ ಮೈಲಾರಪ್ಪ, ಮತ್ತು ಆ ವಾರದಲ್ಲಿ ಮೊದಲ ಸಲ ಕೋಟಿನ ಗುಂಡಿ ಬಿಚ್ಚಿ ಹಾಯಾಗಿ ಒರಗಿಕೊಂಡ.